ತಗಡಿನ ಬೀದಿಯ ಗಂಟಲು

ನಗಾರಿ ಎಂಬುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ, ತಗಡಿನ ಬೀದಿ ಇಟ್ಟದ್ದು. ಆ ಬೀದಿಯ ಎರಡೂ ಬದಿಗೆ ಟ್ರಂಕು, ಬಕೆಟ್ಟು, ನೀರಿನ ಡ್ರಮ್ಮು ಮಾಡುವ ಅಂಗಡಿಗಳು. ಬೆಳಗ್ಗೆ ಬಾಗಿಲು ತೆಗೆದರೆ ಕತ್ತಲಾಗುವವರೆಗೆ ಸುತ್ತಿಗೆಗಳಿಗೆ ಬಿಡುವಿಲ್ಲ. ಅಲ್ಲಿ ಮಾತನಾಡುವುದೆಂದರೆ ಎರಡು ಏಟುಗಳ ನಡುವೆ ಮಾತನ್ನು ತೂರಿಸುವುದು. ಹಾಗೆ ತೂರಿಸಲು ಬಾರದವರು ಗಂಟಲು ಹರಿದುಕೊಳ್ಳಬೇಕು. ನಗಾರಿಗೆ ಎರಡೂ ಬರುತ್ತಿತ್ತು. ಅಂಗಡಿಯ ಮೇಲಿನ ಮನೆಯ ಕಿಟಕಿಯಲ್ಲಿ ನಿಂತು ಅವಳು "ರೀ, ಟೀ ಆಯ್ತು!" ಎಂದರೆ ಬೀದಿಯ ಕೊನೆಯಲ್ಲಿ ಬೆಸುಗೆ ಹಾಕುತ್ತಿದ್ದವನು ತಲೆಯೆತ್ತಿ "ನಂಗೂ ಇದ್ಯಾ ಅಕ್ಕಾ?" ಎಂದು ಕೇಳುತ್ತಿದ್ದ.

ಅವಳ ಗಂಡ ಟ್ರಂಕು ಮಾಡುವವನು. ಗಂಟಲಿನ ವಿಷಯದಲ್ಲಿ ಅವನೂ ಕಡಿಮೆಯವನಲ್ಲ. ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಗೆ ಹೇಳಿದ ಮುದ್ದು ಮಾತುಗಳೆಲ್ಲ ಬೀದಿಗೆ ಬಾಯಿಪಾಠವಾಗಿದ್ದವು. ಇಂದಿಗೂ ಕೆಲವರು ಅವನ್ನು ಹೇಳಿ ರೇಗಿಸುತ್ತಾರೆ. ಇನ್ನು ಅತ್ತೆ. ಜೀವಮಾನವೆಲ್ಲ ಸುತ್ತಿಗೆಯ ಪಕ್ಕದಲ್ಲೇ ಕೂತು ಕಿವಿ ಮುಕ್ಕಾಲು ಕಳೆದುಕೊಂಡವಳು. ಅವಳು ಗುಟ್ಟು ಹೇಳಲು ಶುರುಮಾಡಿದರೆ ಪಕ್ಕದ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಮೂವರೂ ದಿನವಿಡೀ ಕೂಗಾಡುತ್ತ ಸುಖವಾಗಿದ್ದರು. ಜಗಳ ಆಡುವಾಗ ಮಾತ್ರ ಆ ಮನೆ ಸುಮ್ಮನಿರುತ್ತಿತ್ತು.

ಇಲ್ಲದ್ದು ಒಂದೇ, ಮಗು. ಕಾದದ್ದಾಯಿತು, ಆಸ್ಪತ್ರೆಗಳನ್ನು ಸುತ್ತಿದ್ದಾಯಿತು, ಅತ್ತದ್ದೂ ಆಯಿತು. ಕೊನೆಗೆ ದತ್ತು ಕಚೇರಿಯ ಮೆಟ್ಟಿಲು ಹತ್ತಿದರು. ಅಲ್ಲಿಯವರು ಅವರನ್ನು ಅನಾಥ ಮಕ್ಕಳ ಮನೆಗೆ ಕರೆದೊಯ್ದರು. ದೊಡ್ಡ ಹಜಾರದಲ್ಲಿ ಮಕ್ಕಳೆಲ್ಲ ಕಿರುಚಿ ಕುಣಿಯುತ್ತಿದ್ದಾಗ, ಒಂದು ಚಿಕ್ಕ ಹುಡುಗಿ ಬಂದು ನಗಾರಿಯ ಮುಂಗೈ ಹಿಡಿದು ನೋಡಿದಳು. ಅಲ್ಲಿ, ಗಂಡನ ಅಂಗಡಿಯಲ್ಲಿ ಕೈಜೋಡಿಸುವಾಗ ಬೆಸುಗೆ ಸಿಡಿದು ಸುಟ್ಟ ಕಲೆಗಳಿದ್ದವು.

"ಇದು ನೋಯತ್ತಾ?"

"ಇಲ್ಲ ಕಂದಾ, ಈಗ ನೋಯಲ್ಲ."

"ಮುಂಚೆ?"

"ಮುಂಚೆ ನೋಯ್ತಿತ್ತು."

ಹುಡುಗಿ ತಲೆಯಾಡಿಸಿ, ಉತ್ತರ ಸರಿಯಾಗಿದೆ ಎಂಬಂತೆ ಅಲ್ಲೇ ಪಕ್ಕದಲ್ಲಿ ಕೂತುಬಿಟ್ಟಳು. ಅವಳನ್ನು ಅಲ್ಲಿ ಎಲ್ಲರೂ ಸಾಸಿವೆ ಎನ್ನುತ್ತಿದ್ದರು, ಅಷ್ಟು ಚಿಕ್ಕವಳು. ಆ ದಿನ ಮನೆಗೆ ಬಂದದ್ದು ನಗಾರಿಯ ದೇಹ ಮಾತ್ರ. ಮನಸ್ಸು ಆ ಹಜಾರದಲ್ಲೇ ಉಳಿದಿತ್ತು.

ಆಮೇಲೆ ಮನೆ ನೋಡಲು ದತ್ತು ಕಚೇರಿಯ ಮೇಡಂ ತಗಡಿನ ಬೀದಿಗೆ ಬಂದರು. ಒಳ್ಳೆಯ ಹೆಂಗಸು, ಮೆತ್ತಗಿನ ಮಾತು. ಆ ಮೆತ್ತಗಿನ ಮಾತೇ ಎಡವಟ್ಟಾಯಿತು. ಅವರು "ನಿಮ್ಮಲ್ಲಿ ಸಿಟ್ಟು ಯಾರಿಗೆ ಜಾಸ್ತಿ?" ಎಂದು ಕೇಳಿದ್ದು ಅತ್ತೆಗೆ "ಹಿಟ್ಟು" ಎಂದು ಕೇಳಿಸಿ, ಅವಳು "ಎಲ್ಲಾರ್ಗೂ ಬೇಕಾದಷ್ಟಿದೆ ತಾಯಿ, ಡಬ್ಬ ತುಂಬ ಇದೆ" ಎಂದು ಅಡುಗೆಮನೆಯತ್ತ ಕೈ ತೋರಿಸಿದಳು. ಮೇಡಂ ನಕ್ಕರು. ಆದರೆ ಹೊರಡುವಾಗ ಅವರ ಒಂದು ಕೈ ಕಿವಿಯ ಮೇಲೇ ಇತ್ತು.

"ನೋಡಿ, ಆ ಮಗು ಒಂದ್ಸಲ ಒಂದು ಮನೆಗೆ ಹೋಗಿ ವಾಪಸ್ ಬಂದಿದೆ. ಇನ್ನೊಂದ್ಸಲ ಹಾಗಾದ್ರೆ ಅದು ತಡ್ಕೊಳ್ಳಲ್ಲ. ಅದಕ್ಕೇ ನಾವು ಎಲ್ಲಾ ನೋಡ್ತೀವಿ, ಅಕ್ಕಪಕ್ಕದವರನ್ನೂ ಕೇಳ್ತೀವಿ. ಮಗೂಗೆ ಸ್ವಲ್ಪ ಶಾಂತವಾದ ಜಾಗ ಇದ್ರೆ ಒಳ್ಳೇದು."

ಶಾಂತ. ಗಿರಾಕಿ ಕೊಟ್ಟ ಟ್ರಂಕಿನ ಅಳತೆಯ ಹಾಗೆ ಆ ಮಾತನ್ನು ಗಂಡ ಹೆಂಡತಿ ಹಿಡಿದುಕೊಂಡರು. ಅಂಗಡಿ ಅಲ್ಲೇ ಇರಲಿ, ಸಂಸಾರ ಬೇರೆ ಕಡೆ ಹೋಗಲಿ ಎಂದು ಊರಿನ ಆ ತುದಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು.

ಒಂದೇ ಊರು ಅನ್ನುವುದು ಬಾಯಿಮಾತಿಗೆ. ಬಸ್ಸು ಮಾರುಕಟ್ಟೆ ದಾಟಿ, ನಿಲ್ದಾಣ ದಾಟಿ, ಹೆದ್ದಾರಿಯ ಮೇಲೆ ಹೋಗಿ, ಆಮೇಲೆ ಒಂದು ಮರದ ಸಾಲಿನೊಳಗೆ ತಿರುಗಿದ ಕೂಡಲೇ ಯಾರೋ ಊರಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ ಎಲ್ಲ ನಿಂತುಬಿಡುತ್ತಿತ್ತು. ಬಾಗಿಲುಗಳು ಮುಚ್ಚಿರುತ್ತಿದ್ದವು. ಜನ ಇದ್ದಾರೆ ಎನ್ನುವುದಕ್ಕೆ ಒಣಹಾಕಿದ ಬಟ್ಟೆಯೇ ಸಾಕ್ಷಿ. ಮೊದಲ ವಾರ ಮೂವರಿಗೂ ನಿದ್ದೆ ಹತ್ತಲಿಲ್ಲ. ಯಾರಾದರೂ ಸತ್ತಿದ್ದಾರೇನೋ ಎಂದು ಅತ್ತೆ ದಿನಾ ಕಿಟಕಿಯಿಂದ ಇಣುಕುತ್ತಿದ್ದಳು.

ಆ ವಾರದಲ್ಲೇ ಅನಾಹುತ ಆಯಿತು. ಗಂಡ ಸ್ನಾನಕ್ಕೆ ಹೋಗಿದ್ದ. ಒಳಗಿನಿಂದ "ಸೋಪೆಲ್ಲಿ ಇಟ್ಟಿದ್ದೀಯೇ?" ಎಂದ. ನಗಾರಿ ಅಡುಗೆಮನೆಯಿಂದ "ಕಣ್ಣಿಲ್ವಾ ನಿಮ್ಗೆ? ಎದುರಿಗೇ ಇದೆ!" ಎಂದಳು. ಅವನು "ಸಿಕ್ತಿಲ್ಲ, ಬಾರೇ ಇಲ್ಲಿ!" ಎಂದ. ಅತ್ತೆ ನಡುವಿನಿಂದ "ಯಾರು ಬಿದ್ರೋ?" ಎಂದಳು. ಇಷ್ಟೇ. ಐದು ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದು. ಎದುರುಮನೆಯ ಗುಮಾಸ್ತರು ನಿಂತಿದ್ದರು. ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬಿಳಿ ಮೀಸೆ. ಅವರು ನಗಾರಿಯ ಮುಖ, ಕೈ ಎಲ್ಲ ಒಮ್ಮೆ ನೋಡಿದರು. ಕಣ್ಣು ಆ ಸುಟ್ಟ ಕಲೆಗಳ ಮೇಲೆ ನಿಂತಿತು.

"ಹೆದರ್ಬೇಡಮ್ಮ," ಎಂದರು ಮೆಲ್ಲಗೆ. "ಪೊಲೀಸರಿಗೆ ಫೋನ್ ಮಾಡ್ಲಾ?"

ನಗಾರಿಗೆ ನಗು ಬಂತು. ಅದು ಅಲ್ಲೇ ನಿಂತಿತು. ಅಕ್ಕಪಕ್ಕದವರನ್ನೂ ಕೇಳ್ತೀವಿ ಎಂದಿದ್ದರಲ್ಲ ಮೇಡಂ. ಇದ್ದ ಅಕ್ಕಪಕ್ಕವೆಂದರೆ ಇದೇ ಬಿಳಿ ಮೀಸೆ. ಸೋಪಿನ ಕಥೆಯನ್ನು ಅವಳು ಹೇಳಿದಳು, ಗುಮಾಸ್ತರು ತಲೆಯಾಡಿಸಿದರು. ಕೋರ್ಟಿನಲ್ಲಿ ಇಂಥ ಕಥೆ ಬೇಕಾದಷ್ಟು ಕೇಳಿದ್ದೇನೆ ಎಂಬ ತಲೆಯಾಟ ಅದು.

ಅಂದಿನಿಂದ ಆ ಮನೆಯಲ್ಲಿ ಪಿಸುಮಾತು ಶುರುವಾಯಿತು.

ಅದೇನು ಸುಲಭವೇ? ನಗಾರಿ ಬೆಳಗ್ಗೆ ಎದ್ದರೆ ಬಾಯಿಗೆ ಸೆರಗು ಒತ್ತಿಕೊಂಡು ಓಡಾಡುತ್ತಿದ್ದಳು. ಗಂಡನನ್ನು ಕರೆಯಬೇಕಾದರೆ ಹತ್ತಿರ ಹೋಗಿ ತೋಳು ಮುಟ್ಟಬೇಕು. ಅವನೋ ಬೆಚ್ಚಿಬೀಳುತ್ತಿದ್ದ. ಪಾತ್ರೆ ಕೆಳಗಿಡುವಾಗ ಬಟ್ಟೆ ಹಾಸಿದರು. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟರು. ಅತ್ತೆಗೆ ಪಿಸುಮಾತು ಬರುವುದು ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ, ಹಾಗಾಗಿ ಅವಳು ಬಾಯಿಗೇ ಬೀಗ ಹಾಕಿಕೊಂಡಳು. "ಮೊಮ್ಮಗಳು ಬರೋವರ್ಗೂ ನಾನು ಮೂಗಿ, ತಿಳೀತಾ?" ಎಂದು ಒಂದು ಸಲ ಊರಿಗೇ ಕೇಳುವಂತೆ ಸಾರಿ, ಆಮೇಲೆ ತುಟಿ ಬಿಗಿದು ಕೂತಳು.

ಪಿಸುಮಾತಿನಲ್ಲಿ ಒಂದು ಕೆಟ್ಟ ಗುಣವಿದೆ, ಅದು ನಗಾರಿಗೆ ಗೊತ್ತಿರಲಿಲ್ಲ. "ಹಾಲು ತಂದ್ರಾ?" ಎಂದು ಕೂಗಿದರೆ ಅದು ಹಾಲಿನ ಮಾತು. ಅದನ್ನೇ ಕಿವಿಯ ಹತ್ತಿರ ಪಿಸುಗುಟ್ಟಿದರೆ ಹಾಲಿಗೆ ಏನೋ ಆಗಿರಬೇಕು ಅನ್ನಿಸುತ್ತದೆ. ಗಂಡ ಕೇಳಿದ್ದೆಲ್ಲ ಗೂಢಚಾರನ ಮಾತಿನಂತೆ, ಇವಳು ಹೇಳಿದ್ದೆಲ್ಲ ದೂರಿನಂತೆ. ಕ್ರಮೇಣ ಬೇಕಾದ್ದಕ್ಕಷ್ಟೇ ಮಾತು ಎಂದಾಯಿತು. ಒಂದು ಸಂಜೆ ಗಂಡ ಅಂಗಡಿಯಿಂದ ಬಂದು, ತಟ್ಟೆಯ ಮುಂದೆ ಕೂತು, ಏನೋ ಹೇಳಲು ಬಾಯಿ ತೆರೆದು, ಕಿಟಕಿಯತ್ತ ನೋಡಿ ಮುಚ್ಚಿಕೊಂಡ. ಅವನು ಏನು ಹೇಳಬೇಕೆಂದಿದ್ದನೋ ಅವಳು ಕೇಳಲಿಲ್ಲ. ಆ ಸಂಜೆ ಅವಳಿಗೆ ನಿಜವಾಗಿ ಭಯವಾಯಿತು. ಮಗು ಬರಲಿ, ಎಲ್ಲ ಸರಿಹೋಗುತ್ತದೆ ಎಂದುಕೊಂಡಳು.

ಕೆಲವು ತಿಂಗಳ ಮೇಲೆ ಕೊನೆಗೂ ಮೇಡಂ ಫೋನ್ ಮಾಡಿದರು. ಭಾನುವಾರ ಮಧ್ಯಾಹ್ನ ಮಗುವನ್ನು ಕರೆತರುತ್ತಾರೆ, ಅರ್ಧ ದಿನ ಇದ್ದು ನೋಡುವುದು, ಎಲ್ಲ ಚೆನ್ನಾಗಿದ್ದರೆ ಮುಂದಿನ ಮಾತು.

ಭಾನುವಾರ ಕಚೇರಿಯ ಕಾರು ಮನೆ ಮುಂದೆ ಜಾಗವಿಲ್ಲದೆ ಬೀದಿಯ ತಿರುವಿನಲ್ಲಿ ಮರದ ಕೆಳಗೆ ನಿಂತಿತು. ಸಾಸಿವೆ ಮೇಡಂ ಕೈ ಹಿಡಿದು ಬಂದಳು. ನಗಾರಿಯ ಎದೆಯಲ್ಲಿ "ಬಂದ್ಯಾ ನನ್ನ ಬಂಗಾರ!" ಎಂಬ ಕೂಗು ಎದ್ದು ಗಂಟಲವರೆಗೂ ಬಂತು. ಅವಳು ಅದನ್ನು ನುಂಗಿ, ಬಗ್ಗಿ, "ಬಾಮ್ಮ" ಎಂದು ಪಿಸುಗುಟ್ಟಿದಳು. ಮಗು ಅವಳ ಬಾಯನ್ನೇ ನೋಡಿತು.

ಗಂಡ ತಾನೇ ಮಾಡಿದ್ದ ಅಂಗೈಯಗಲದ ಪುಟ್ಟ ಟ್ರಂಕನ್ನು ಮಾತಿಲ್ಲದೆ ಅವಳ ಮುಂದೆ ಇಟ್ಟ. ಸಾಸಿವೆ ಮುಚ್ಚಳ ಎತ್ತಿ ಕೈಬಿಟ್ಟಾಗ ಅದು ಟಪ್ಪೆಂದಿತು. ಮೂವರು ದೊಡ್ಡವರೂ ಒಟ್ಟಿಗೆ ಬೆಚ್ಚಿ ಕಿಟಕಿಯತ್ತ ನೋಡಿದರು. ಆಮೇಲೆ ಸಾಸಿವೆ ಅದನ್ನು ಮುಟ್ಟಲಿಲ್ಲ. ಮೂಲೆಯಲ್ಲಿ ಅತ್ತೆ ತುಟಿ ಬಿಗಿದು ಕೂತಿದ್ದಳು. ಕಣ್ಣಿನಲ್ಲೆಲ್ಲ ನಗು, ಮುದ್ದು. ಆದರೆ ಬಿಗಿದ ತುಟಿ ಮಾತ್ರ ಯಾರ ಮೇಲೋ ಹಲ್ಲುಮಸೆಯುತ್ತಿರುವಂತೆ ಕಾಣುತ್ತಿತ್ತು. ಮಗು ಒಮ್ಮೆ ಅವಳನ್ನು ನೋಡಿ ದೃಷ್ಟಿ ಕೆಳಗೆ ಮಾಡಿತು.

ಮೇಡಂ ಸ್ವಲ್ಪ ಹೊತ್ತು ಮನೆಯೆಲ್ಲ ನೋಡಿದರು. ಅವರ ಮುಖದಲ್ಲಿ ಏನೋ ಗೊಂದಲ.

"ಆ ಮನೇಲಿ ತುಂಬಾ ಗಲಗಲ ಅಂತಿದ್ರಿ. ಎಲ್ಲಾ ಆರಾಮಾಗಿದ್ದೀರಾ?"

"ಆರಾಮಾಗಿದ್ದೀವಿ ಮೇಡಂ," ಎಂದಳು ನಗಾರಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ಸರಿ. ನಾನು ಎದುರುಮನೆಯವರನ್ನ ಒಂಚೂರು ಮಾತಾಡಿಸ್ಕೊಂಡು ಬರ್ತೀನಿ. ನೀವು ಮಗು ಜೊತೆ ಇರಿ."

ಅವರು ಹೊಸ್ತಿಲು ದಾಟಿದ್ದೇ ತಡ, ನಗಾರಿ ಎದ್ದಳು. ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಆಯ್ತು ನಮ್ ಕಥೆ. ಆ ಮೀಸೆ ಎಲ್ಲಾ ಹೇಳ್ಬಿಡತ್ತೆ."

"ಸುಮ್ನಿರೇ. ಏನ್ ಹೇಳ್ತಾರೆ, ಸೋಪಿನ ವಿಷ್ಯ ತಾನೇ?"

"ಸೋಪಂತೆ ಸೋಪು! ನೀವು ನಂಗೆ ಹೊಡೀತೀರ ಅಂದ್ಕೊಂಡಿದ್ದಾರೆ ಅವ್ರು. ಹೇಳಿದ್ರೆ ಮುಗೀತು, ಮಗೂನ ಇವತ್ತೇ ವಾಪಸ್ ಕರ್ಕೊಂಡ್ ಹೋಗ್ತಾರೆ."

ಇಬ್ಬರೂ ತಲೆಗೆ ತಲೆ ತಾಗಿಸಿ ಇದನ್ನೆಲ್ಲ ಪಿಸುಗುಟ್ಟಿದರು. ಪಿಸುಮಾತಿಗೆ ಇನ್ನೊಂದು ಕೆಟ್ಟ ಗುಣವೂ ಉಂಟು, ಸುಮ್ಮನಿರುವ ಮನೆಯಲ್ಲಿ ಅದು ಕೂಗಿಗಿಂತ ಚೆನ್ನಾಗಿ ಕೇಳಿಸುತ್ತದೆ. ಒಂದು ಲೋಟ ಹಾಲು ಹಿಡಿದು ನಗಾರಿ ಹೊರಗೆ ಬಂದಾಗ ಹಜಾರದಲ್ಲಿ ಮಗು ಇರಲಿಲ್ಲ. ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದಳು. ಎಣ್ಣೆ ಬಿಟ್ಟ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತ್ತು.

ಮಂಚದ ಕೆಳಗೆ ನೋಡಿದಳು, ಬಚ್ಚಲಿನಲ್ಲಿ ನೋಡಿದಳು, ಹಿತ್ತಲಿಗೆ ಓಡಿದಳು. ಇಲ್ಲ. ಗಂಡ ಚಪ್ಪಲಿ ಕೂಡ ಹಾಕದೆ ಬೀದಿಗಿಳಿದು ಎಡಕ್ಕೆ ಹೋದ. ಅತ್ತ ಮರದ ಸಾಲು ಮುಗಿದ ಕಡೆ ಹೆದ್ದಾರಿ. ನಗಾರಿ ಬಲಕ್ಕೆ ಹೋದಳು. ಬೀದಿ ಎಂದಿನಂತೆ ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ಒಂದು ಗೇಟಿನ ಸಂದಿಯಲ್ಲಿ ನೋಡಿದಳು, ಇನ್ನೊಂದು ಕಾಂಪೌಂಡಿನ ಮೇಲೆ ಇಣುಕಿದಳು. ಬಿಸಿಲಿಗೆ ಬಟ್ಟೆ ಒಣಗುತ್ತಿತ್ತು. ಕೇಳೋಣವೆಂದರೆ ಒಂದು ನರಪಿಳ್ಳೆಯಿಲ್ಲ.

ಕೂಗಿದರೆ ಮಗುವಿಗೆ ಕೇಳಿಸೀತು. ಎದುರುಮನೆಯ ಹಜಾರದಲ್ಲಿ ಕೂತ ಮೇಡಂಗೂ ಕೇಳಿಸುತ್ತದೆ. ನೋಡಿಕೊಳ್ಳಿ ಎಂದು ಮಗುವನ್ನು ಕೈಗಿತ್ತು ಹೋದ ಸ್ವಲ್ಪ ಹೊತ್ತಿಗೇ ಕಳೆದುಕೊಂಡವರು ಇವರು ಎಂದು ಆ ಕ್ಷಣಕ್ಕೇ ತಿಳಿಯುತ್ತದೆ. ಸುಮ್ಮನೆ ಹುಡುಕಿ, ಸಿಕ್ಕಿದರೆ ಏನೂ ಆಗದಂತೆ ಒಳಗೆ ಕರೆದುಕೊಂಡು ಹೋಗಿ ಕೂರಿಸಿಬಿಡಬಹುದು. ಸಿಕ್ಕಿದರೆ. ನಗಾರಿ ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಮನೆಯ ಗೇಟಿನವರೆಗೆ ಓಡಿದಳು. ಆಗ ದೂರದಲ್ಲಿ, ಹೆದ್ದಾರಿಯ ಕಡೆ, ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು.

ಅವಳ ಕೈ ತಾನಾಗಿ ಬಾಯಿಂದ ಕೆಳಗಿಳಿಯಿತು. ಬೀದಿಯ ನಟ್ಟನಡುವೆ ನಿಂತು, ಹೊಟ್ಟೆಯಲ್ಲಿದ್ದ ಉಸಿರನ್ನೆಲ್ಲ ಎತ್ತಿ, ತಿಂಗಳುಗಟ್ಟಲೆ ನುಂಗಿದ್ದನ್ನೆಲ್ಲ ಸೇರಿಸಿ ಕೂಗಿದಳು.

"ಸಾಸಿವೇ! ಎಲ್ಲಿದ್ದೀಯೇ ನನ್ನಮ್ಮಾ! ಸಾಸಿವೇ!"

ತಂತಿಯ ಮೇಲಿದ್ದ ಪಾರಿವಾಳಗಳು ಒಟ್ಟಿಗೆ ಎದ್ದವು. ಒಂದು ಕಿಟಕಿ ತೆರೆಯಿತು, ಇನ್ನೊಂದು ತೆರೆಯಿತು, ಆಮೇಲೆ ಬೀದಿಯುದ್ದಕ್ಕೂ ಬಾಗಿಲುಗಳು. ಇಷ್ಟೊಂದು ಜನ ಇಲ್ಲಿ ಇದ್ದರೇ! ಗಂಡ ಆ ತುದಿಯಿಂದ ಅದೇ ಹೆಸರು ಕೂಗುತ್ತ ಓಡಿಬಂದ. ಮನೆಯೊಳಗಿಂದ ಅತ್ತೆ ಮೌನ ಮುರಿದು "ಏನಾಯ್ತ್ರೋ! ಮಗು ಎಲ್ರೋ!" ಎಂದು ಎದ್ದಳು. ಎದುರುಮನೆಯ ಗೇಟಿಗೆ ಮೇಡಂ ಬಂದು ನಿಂತರು. ಅವರ ಹಿಂದೆ ಗುಮಾಸ್ತರು.

"ಇದೇ ಗಂಟಲು ಮೇಡಂ, ನಾನು ಹೇಳಿದ್ನಲ್ಲ," ಎಂದರು ಗುಮಾಸ್ತರು. "ಮೊದಲ ವಾರ ಹೀಗೇ ಕೂಗಾಡಿದ್ರು. ಆಮೇಲೆ ಗಂಡ ಹೆಂಡ್ತಿ ಮಾತೇ ಬಿಟ್ಬಿಟ್ರು, ಪಾಪ."

ನಗಾರಿಗೆ ಅದಾವುದೂ ತಲೆಗೆ ಹೋಗಲಿಲ್ಲ. ಅವಳು ಇನ್ನೊಮ್ಮೆ ಉಸಿರೆತ್ತಿದಳು. ಅಷ್ಟರಲ್ಲಿ ತಿರುವಿನ ಕಡೆಯಿಂದ ಒಂದು ಸಣ್ಣ ಧ್ವನಿ ಬಂತು.

"ಇಲ್ಲಿದ್ದೀನಿ."

ಕಚೇರಿಯ ಕಾರಿನ ಡ್ರೈವರು ಟೀ ಕುಡಿಯಲು ಹೋಗಿದ್ದವನು ಬಾಗಿಲಿಗೆ ಬೀಗ ಹಾಕಿರಲಿಲ್ಲ. ಹಿಂದಿನ ಸೀಟಿನ ಮೂಲೆಯಲ್ಲಿ ಸಾಸಿವೆ ಮಂಡಿ ಕೂಡಿಸಿ, ಕೈ ಮಡಚಿ, ಬಸ್ಸಿಗೆ ಕಾಯುವ ದೊಡ್ಡವರ ಹಾಗೆ ಕೂತಿದ್ದಳು. ನಗಾರಿ ಕಾರಿನ ಬಾಗಿಲು ಹಿಡಿದು ನೆಲಕ್ಕೆ ಕುಸಿದಳು. ಅಳು ಬಂತು, ಅದೂ ಜೋರಾಗಿಯೇ ಬಂತು.

"ಯಾಕಮ್ಮ ಇಲ್ಲಿ ಬಂದು ಕೂತೆ?" ಮೇಡಂ ಏದುಸಿರು ಬಿಡುತ್ತ ಕೇಳಿದರು.

ಸಾಸಿವೆ ಅವರನ್ನು ನೋಡದೆ ನಗಾರಿಯನ್ನು ನೋಡಿ ಹೇಳಿದಳು.

"ನೀವು ಪಿಸಪಿಸ ಅಂತಿದ್ರಿ. ಮುಂಚಿನ ಮನೆಯವರೂ ಹಾಗೇ ಮಾಡ್ತಿದ್ರು. ನಾನು ಬಂದ್ರೆ ಸುಮ್ನಾಗ್ತಿದ್ರು. ಆಮೇಲೆ ನನ್ನ ಕಾರಲ್ಲಿ ಕೂರ್ಸಿದ್ರು." ಸ್ವಲ್ಪ ತಡೆದು, "ಅದಕ್ಕೆ ಈ ಸಲ ನಾನೇ ಬಂದು ಕೂತ್ಕೊಂಡೆ," ಎಂದಳು.

ಗಂಡ ಮರಕ್ಕೆ ಒರಗಿ ಮುಖ ಆಚೆ ತಿರುಗಿಸಿದ. ಬೀದಿಯ ಜನ ಗೇಟುಗಳಲ್ಲಿ ನಿಂತೇ ಇದ್ದರು. ಮಗುವಿಗಾಗಿ ಎಂದು ಹಚ್ಚಿದ ಎಣ್ಣೆ, ಹಾಸಿದ ಬಟ್ಟೆ, ನುಂಗಿದ ಮಾತು ಎಲ್ಲ ಸೇರಿ ಮಗುವನ್ನು ಈ ಸೀಟಿನಲ್ಲಿ ತಂದು ಕೂರಿಸಿತ್ತು. ನಗಾರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅವಳು ಕಣ್ಣು ಒರೆಸಿಕೊಂಡು, ಮೇಡಂ ಇದ್ದಾರೆ ಎಂಬುದನ್ನೂ ಲೆಕ್ಕಿಸದೆ, ತನ್ನ ಸಹಜ ಧ್ವನಿಯಲ್ಲೇ ಶುರುಮಾಡಿದಳು.

"ನೋಡಿಲ್ಲಿ. ನಾವು ಪಿಸಪಿಸ ಅನ್ನೋ ಜನ ಅಲ್ಲ. ನಾವು ಕೂಗೋ ಜನ. ನಾನು ಕೂಗ್ತೀನಿ, ಇವ್ರು ಕೂಗ್ತಾರೆ, ಆ ಅಜ್ಜಿ ಇದೆಯಲ್ಲ, ಅದು ನಮ್ಮಿಬ್ಬರನ್ನೂ ಸೇರ್ಸಿದಷ್ಟು ಕೂಗತ್ತೆ. ಊಟಕ್ಕೆ ಬಾ ಅಂತ ಕೂಗ್ತೀವಿ, ಸೋಪೆಲ್ಲಿ ಅಂತ ಕೂಗ್ತೀವಿ. ಮೆತ್ತಗೆ ಮಾತಾಡಿದ್ರೇ ನೀನು ನಮ್ಮನೇಲಿ ನಿಲ್ಲೋದು ಅಂದ್ಕೊಂಡು ಬಾಯಿ ಕಟ್ಕೊಂಡಿದ್ವಿ. ತಪ್ಪಾಯ್ತು."

ಸಾಸಿವೆ ಕಿವಿ ಮುಚ್ಚಿಕೊಳ್ಳಲಿಲ್ಲ. ಮುಖ ಎತ್ತಿ, ಬಾಯಿ ಅರ್ಧ ತೆರೆದು ಕೇಳಿಸಿಕೊಂಡಳು.

"ಯಾವಾಗ್ಲೂ ಇಷ್ಟು ಜೋರಾಗಿರತ್ತಾ?"

"ಇದೇನು ಜೋರು! ಅತ್ತು ಗಂಟಲು ಕಟ್ಟಿದೆ ನಂಗೆ."

"ಹಾಗಾದ್ರೆ ನಾನು ಇಳೀಲಾ?"

ನಗಾರಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮಾತು ಹೇಳುವ ಹಕ್ಕು ಅವಳದ್ದಲ್ಲ. ಅವಳು ತಲೆಯೆತ್ತಿ ಮೇಡಂ ಮುಖ ನೋಡಿದಳು. ಗಂಡನೂ ನೋಡಿದ. ಈ ಬೀದಿಗೆ ಬಂದಾಗಿನಿಂದ ಅವರಿಬ್ಬರೂ ಒಟ್ಟಿಗೆ ಒಂದೇ ಕಡೆ ನೋಡಿದ್ದು ಇದೇ ಮೊದಲಿರಬೇಕು. ಮೇಡಂ ಕಾರಿನ ಸೀಟನ್ನು ನೋಡಿದರು, ನೆಲದ ಮೇಲೆ ಕೂತ ಹೆಂಗಸನ್ನು ನೋಡಿದರು. ಬೀದಿಯಲ್ಲಿ ಕೋಲೂರಿಕೊಂಡು "ಮಗು ಸಿಕ್ತಾ, ಯಾರಾದ್ರೂ ಹೇಳ್ರೋ!" ಎಂದು ಕೂಗುತ್ತ ಬರುತ್ತಿದ್ದ ಮುದುಕಿಯನ್ನೂ ನೋಡಿದರು. ಕೊನೆಗೆ ತಮ್ಮ ಮೆತ್ತಗಿನ ಧ್ವನಿಯಲ್ಲಿ ಏನೋ ಅಂದರು.

"ಅದು ಅವಳಿಗೆ ಕೇಳಿಸ್ಲಿಲ್ಲ ಮೇಡಂ," ಎಂದಳು ನಗಾರಿ. "ಮಗೂಗೆ ಕೇಳಿಸೋ ಹಾಗೆ ಹೇಳಿ."

ಮೇಡಂ ಗೇಟುಗಳಲ್ಲಿ ನಿಂತ ಜನರತ್ತ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಅಭ್ಯಾಸವಿಲ್ಲದ ಧ್ವನಿಯಲ್ಲಿ, ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದರು.

"ಇಳಿಯಮ್ಮ, ಇಳಿ. ಇದೇ ನಿನ್ನ ಮನೆ."